ಗೇಟಿನವರೆಗೆ ಸಿಡಿದ ಬೈಕು

ನನ್ನ ಹಳೆಯ ಮೋಟಾರ್‌ಸೈಕಲ್ಲು ಪಟಾಕಿಯಂತೆ ಸಿಡಿಯುತ್ತದೆಂದು, ಮಣ್ಣಗುಡ್ಡದ ನಮ್ಮ ಅಪಾರ್ಟ್‌ಮೆಂಟಿನವರು ಅದನ್ನು ಗೇಟಿನೊಳಗೆ ಬಿಡಬಾರದೆಂದು ತೀರ್ಮಾನಿಸುವ ಹಂತದಲ್ಲಿದ್ದರು. ಮೊದಲು ದೂರಿದವರು ವಾಚ್‌ಮ್ಯಾನ್ ಸಂಜೀವ.

ಬೈಕಂಪಾಡಿಯ ಮೆಕ್ಯಾನಿಕ್ ಹಮೀದ್, "ಇಂಜಿನ್ ಬಿಚ್ಚಬೇಕು ಮೇಡಂ. ಇಲ್ಲದಿದ್ದರೆ ಮ್ಯೂಸಿಯಮ್ಮಿಗೆ ಕೊಡಿ," ಎಂದರು.

"ಬೈಕನ್ನೋ, ನನ್ನನ್ನೋ?"

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸಿಡಿಯುವುದರಿಂದ, ಸೈಲೆನ್ಸರ್ ಇಂಜಿನ್ನಿಗೆ ಸೇರುವಲ್ಲಿ ಗಾಳಿ ಸೋರುತ್ತಿರಬೇಕೆಂಬುದು ನನ್ನ ತರ್ಕ. ತಣ್ಣಗಿದ್ದ ಬೈಕನ್ನು ಚಾಲೂ ಮಾಡಿಸಿ, ಆ ಸಂದಿಗೆ ಸೋಪಿನ ನೀರು ಸುರಿದೆ.

"ಎಂತ ಮೇಡಂ, ಬಟ್ಟೆ ಒಗೆಯುವುದಾ?" ಎಂದ ಹಮೀದ್, ಗುಳ್ಳೆಗಳೆದ್ದುದನ್ನು ಕಂಡು ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದರು.

ಸಿಡಿತ ನಿಂತಿತು, ನಿಷೇಧದ ಮಾತೂ ನಿಂತಿತು. ಈಗಲೂ ದೂರುವವರು ಸಂಜೀವ ಒಬ್ಬರೇ: "ಮೊದಲಾದರೆ ನೀವು ಉರ್ವ ಮಾರ್ಕೆಟ್ ದಾಟುವಾಗಲೇ ನನಗೆ ಎಚ್ಚರ ಆಗ್ತಿತ್ತು."