ಹುಳ ಮುಟ್ಟದ ಸೀತನಿ

ಪುಷ್ಯ ಮಾಸದಲ್ಲಿ ಜೋಳದ ತೆನೆಯೊಳಗೆ ಹಾಲು ಗಟ್ಟಿಯಾಗತೊಡಗಿದರೆ ತಿಕೋಟಾದ ನಮ್ಮ ಹೊಲದಲ್ಲಿ ಸೀತನಿ ಶುರು. ಹಸಿ ತೆನೆಯನ್ನು ಕುಳ್ಳು-ಬೆರಣಿಯ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯ ಜೊತೆ ತಿನ್ನುತ್ತಿದ್ದೆವು. ಸೀತನಿಯನ್ನು ಯಾರೂ ತೊಳೆಯುವುದಿಲ್ಲ, ತೊಳೆದರೆ ಅದರ ರುಚಿಯೇ ಹೋಯಿತು. ಇನ್ನೊಂದು ರೂಢಿಯೂ ಇತ್ತು. ಚೆಂದದ ತೆನೆ ಮನೆಗೆ ಬಂದ ನೆಂಟರಿಗೆ, ಹುಳ ತಿಂದದ್ದು ಮನೆಯವರಿಗೆ.

ಅರವತ್ತರ ದಶಕದ ಒಂದು ವರ್ಷ, ಬಬಲೇಶ್ವರಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಅವಳ ಬಯಕೆ ಒಂದೇ, ಸೀತನಿ. ಆ ಸಲ ತೆನೆಗೆ ಹುಳ ಬಹಳ. ಅಪ್ಪ ವಿಜಾಪುರಕ್ಕೆ ಹೋಗಿ, ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಿಂದ ಹುಳ ಸಾಯಿಸುವ ಪುಡಿ ತಂದ. ವಿಷವೆಂದು ಯಾರೂ ಅನ್ನುತ್ತಿರಲಿಲ್ಲ, ಔಷಧ ಅನ್ನುತ್ತಿದ್ದರು. ಡಬ್ಬಿಯ ಮೇಲೆ ಬರೆದದ್ದೆಲ್ಲ ಇಂಗ್ಲಿಷ್. ಯಾರು ಓದಲಿ ಅಂತ ಬರೆದಿದ್ದರೋ! ಅಂಗಡಿಯವನು ಹೇಳಿದ್ದು ಇಷ್ಟೇ: "ಹೊಡೀರಿ ಗೌಡ್ರ, ತೆನಿ ಬಂಗಾರ ಆಗತಾವು."

ಪುಡಿ ಬಾವಿಯ ಕಡೆಯ ಸಾಲುಗಳಿಗಷ್ಟೇ ಸಾಕಾಯಿತು. ಅಪ್ಪ ಅದನ್ನು ತೆಳು ಅರಿವೆಯ ಚೀಲದಲ್ಲಿ ಕಟ್ಟಿ, ಕೋಲಿನಿಂದ ಬಡಿಯುತ್ತ ಉದುರಿಸಿದ. ಹುಳ ಸತ್ತವು. ಆ ಸಾಲಿನ ತೆನೆ ನಿಜವಾಗಿಯೂ ಚೆಂದ ಕಂಡವು. ಮಗಳಿಗೆಂದು ಅಪ್ಪ ಅವನ್ನೇ ಆರಿಸಿ ಮುರಿದು ತಂದ. ಅವಳಿಗೆ ಅವು, ನಮಗೆ ಉಳಿದ ಹೊಲದ ಹುಳಕು ತೆನೆ.

"ಇನ್ನೊಂದ್ ಸ್ವಲ್ಪ ತಿನ್ನ ಬೇ, ಎರಡು ಜೀವದಾಕಿ," ಎಂದು ಅವ್ವ ತಿಕ್ಕಿ ತಿಕ್ಕಿ ಕೊಟ್ಟಳು.

ಹೊತ್ತು ಮುಳುಗುವಷ್ಟರಲ್ಲಿ ಅಕ್ಕನಿಗೆ ವಾಂತಿ ಹತ್ತಿತು. ಆಮೇಲೆ ಕೈಕಾಲು ಸೆಟೆದು ನಡುಕ. ಚಕ್ಕಡಿಯಲ್ಲಿ ವಿಜಾಪುರದ ದವಾಖಾನೆಗೆ ಒಯ್ದೆವು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ.

ಅವಳ ಅತ್ತೆ ಬಂದವಳು ಸೊಸೆಯ ಮುಖ ನೋಡುವ ಮೊದಲೇ, "ಬಾಯಿ ಕಟ್ಟಲಿಲ್ಲ, ಕೂಸಿನ್ನ ತಿಂದಳು" ಎಂದಳು. ಓಣಿಯವರು ದೃಷ್ಟಿ ಅಂದರು, ಉಷ್ಣ ಅಂದರು. ಪುಡಿಯ ಹೆಸರನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಹೊಟ್ಟೆಗೆ ಹಾಕಿದ್ದು ವಿಷ, ಬೈಸಿಕೊಂಡದ್ದು ಹಸಿದ ಬಸುರಿ!

ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದ್ದರಿಂದ ಅಪ್ಪ ಊರಿಗೆ ಹೋಗಿ ಅದೇ ಸಾಲಿನ ತೆನೆ ತಂದು ತೋರಿಸಿದ. ಅವರು ಮೂಸಿ ನೋಡಿ, ಇದಕ್ಕೇನು ಹೊಡೆದಿದ್ದಿರಿ ಎಂದು ಕೇಳಿ ತಲೆ ಕೊಡವಿದರು. ಅವ್ವನಿಗೆ ಅಷ್ಟು ಸಾಕಾಯಿತು. ತೆನೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಅಂಗಡಿಗೆ ನಡೆದಳು. ಹಿಂದೆ ನಾನು.

ಅಂಗಡಿಯವನು ಎಲ್ಲ ಕೇಳಿಸಿಕೊಂಡು, "ಅದು ಹುಳಕ್ಕ ಹಾಕೂದ್ರಿ ಯವ್ವಾ, ಮಂದಿಗಿ ಏನೂ ಆಗಂಗಿಲ್ಲ" ಎಂದ.

ಅವ್ವ ಒಂದು ತೆನೆ ತಿಕ್ಕಿ ಕಾಳನ್ನು ಅವನ ಮುಂದೆ ಹಿಡಿದಳು. "ಹಂಗಾರ ತಿನ್ರಿ."

ಅವನು ಕೈ ಹಿಂದಕ್ಕೆಳೆದುಕೊಂಡ. "ನಮ್ಮ ಮನಿಗಿ ಪುಡಿ ಹೊಡಿಲಾರದ ಹೊಲದ ಜ್ವಾಳನ ತರಸ್ತೀವ್ರಿ," ಎಂದ.

"ಮತ್ತ ನಮಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು ನನಗೆ. ಅವ್ವ ಮಾತ್ರ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವನು ಗದರಿದ, ಆಮೇಲೆ ಕೈಮುಗಿದ. ಕತ್ತಲಾಗಿ ಬಾಗಿಲು ಹಾಕುವವರೆಗೂ ಅವಳು ಏಳಲಿಲ್ಲ. ಪುಡಿಗೆಂದು ಬಂದ ಒಬ್ಬೊಬ್ಬರಿಗೂ, ಅವರು ಕೇಳದಿದ್ದರೂ, ಹೇಳಿದಳು: "ಇದನ್ನ ಹೊಡದ ತೆನಿ ತಿಂದು ನನ್ನ ಮಗಳ ಕೂಸು ಹೋತ್ರಿ."