ಅಮೋನಿಯಾ ಮತ್ತು ಸೀಟಿನ ಮೇಲಿನ ಟವೆಲ್

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಮಂಗಳೂರಿನಿಂದ ರೋಣಕ್ಕೆ ರಸಾಯನಶಾಸ್ತ್ರ ಕಲಿಸಲು ಬಂದು ಇಲ್ಲೇ ಮುದುಕಿಯಾದೆ. ಈ ಪದ್ಧತಿಗೆ ಮಾತ್ರ ಒಗ್ಗಲಿಲ್ಲ.

ಅವತ್ತು ಗದಗಿನ ಬಸ್ಸಿನಲ್ಲಿ ಮೂವರ ಸೀಟಿನ ಒಂದು ತುದಿಗೆ ಟವೆಲ್ ಕೂತಿತ್ತು. ಉಳಿದ ಜಾಗದಲ್ಲಿ ನಾನು, ಒಬ್ಬ ಹೆಂಗಸು ಮತ್ತು ಪುಸ್ತಕ ಹಿಡಿದ ಹುಡುಗಿ ಒತ್ತಿಕೊಂಡು ಕೂತೆವು. ಹುಡುಗಿಗೆ ಅವತ್ತೇ ಮರುಪರೀಕ್ಷೆ. ಪಾಸಾದರೆ ನರ್ಸಿಂಗ್, ಇಲ್ಲದಿದ್ದರೆ ಅವ್ವನ ಜೊತೆ ನನ್ನ ಮಂಗಳೂರಿಗೇ ಕಟ್ಟಡ ಕೆಲಸಕ್ಕೆ.

ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದವಳೆಂದು ತಿಳಿದದ್ದೇ ಕೇಳಿದಳು: “ಅಮೋನಿಯಾದಾಗ ಮೂರೂ ಹೈಡ್ರೋಜನ್ ಸಪಾಟ ಕೂಡೋದ ಬಿಟ್ಟು ಒಂದ ಕಡೆ ಯಾಕ ಬಾಗ್ತಾವ್ರಿ ಅಜ್ಜಿ?”

“ಸಾರಜನಕದ ಹೊರಸುತ್ತಿನಲ್ಲಿ ಐದು ಎಲೆಕ್ಟ್ರಾನ್. ಅವುಗಳಲ್ಲಿ ಮೂರು, ಹೈಡ್ರೋಜನ್‌ಗಳ ಜೊತೆ ಬಂಧಕ್ಕೆ ಹೋದವು. ಉಳಿದ ಎರಡು ಜೋಡಿಯಾಗಿ ಸುಮ್ಮನೆ ಕೂತಿವೆ.”

“ಯಾರನ್ನೂ ಹಿಡಕೊಳ್ಳದ ಜೋಡಿ ಇದ್ರೇನು, ಬಿಟ್ರೇನ್ರಿ?”

ನಾನು ಟವೆಲ್ ತೋರಿಸಿದೆ. “ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ರಿ.”

“ಮತ್ತೆ ನಾವು ಮೂವರು ಯಾಕೆ ಹೀಗೆ ಒತ್ತಿಕೊಂಡಿದ್ದೇವೆ?”

“ಖರೇನರಿ!” ಎಂದು ನಕ್ಕು, ಪುಸ್ತಕ ಮುಚ್ಚಿ ಅಮೋನಿಯಾದ ಚಿತ್ರ ಬರೆಯತೊಡಗಿದಳು. ತಪ್ಪಿದ್ದನ್ನು ಹೊಡೆದು ಹಾಕಿ ಮತ್ತೆ ಬರೆದಳು.

ಬಸ್ಸು ಹೊರಡುವಾಗ ಟವೆಲಿನ ಯಜಮಾನ ಚಹಾ ಕುಡಿದು ಬಂದ.

“ತಡೀರಿ ಕಾಕಾ, ಅದನ್ನ ನೋಡಿ ಬರ್ಯಾಕತ್ತೀನಿ.”

“ನನ್ನ ಟವೆಲ್‌ನ್ಯಾಗ ಏನೈತವಾ?”

“ಎತ್ತಬೇಡಿ, ಇರಲಿ,” ಎಂದೆ ನಾನೂ.

ಚಿತ್ರ ಮೂರು ಸಲ ತಪ್ಪಿಲ್ಲದೆ ಬರುವವರೆಗೂ ಟವೆಲ್ ಕೂತೇ ಇತ್ತು. ಅದನ್ನು ಹಾಕಿದವನು ಕಂಬಿ ಹಿಡಿದು ನಿಂತಿದ್ದ.