ಅತ್ತೆಯ ನಗುವಿನ ಮೇಲಿನ ರವೆ

ಎಂಬತ್ತರ ದಶಕದ ಆ ವರ್ಷಗಳಲ್ಲಿ, ಮುಂಬಯಿಯ ಘಾಟ್ಕೋಪರಿನ ನಮ್ಮ ಮನೆಯಲ್ಲಿ ರವೆ ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಒಂದು ಡಬ್ಬಿಯಲ್ಲಿದ್ದು ಉಪ್ಪಿಟ್ಟಾಗುತ್ತಿದ್ದದ್ದು. ಇನ್ನೊಂದು ನಾನು ತೆಗೆದ ಕಪ್ಪು-ಬಿಳುಪು ಫೋಟೋಗಳ ಮೇಲೆ ಚೆಲ್ಲಿಕೊಂಡಿರುತ್ತಿದ್ದದ್ದು. ಬಲ್ಲವರು ಅದನ್ನು ಗ್ರೇನ್ ಎನ್ನುತ್ತಿದ್ದರು. ರವೆ ಎಂದು ಹೆಸರಿಟ್ಟವರು ಮೈಸೂರಿನಿಂದ ಬಂದು ನಮ್ಮೊಡನಿದ್ದ ನನ್ನ ಅತ್ತೆ. ಬೆಳಕು ಸಾಲದ ಕಡೆ ಚುರುಕಾದ ಫಿಲ್ಮ್ ಹಾಕಿ, ಅದನ್ನು ಅದರ ಶಕ್ತಿ ಮೀರಿ ದುಡಿಸಿಕೊಂಡರೆ ಚಿತ್ರವೇನೋ ಮೂಡುತ್ತದೆ, ಆದರೆ ಮೈತುಂಬ ಕಾಳುಕಾಳಾಗಿ. ಕತ್ತಲಿನಿಂದ ಕಸಿದುಕೊಂಡದ್ದಕ್ಕೆ ಕತ್ತಲು ಹಾಕುವ ಸುಂಕ ಅದು.

ಫ್ಲಾಷ್ ಕಂಡರೆ ಸಾಕು, ಅತ್ತೆಯ ಮುಖ ಪಾಸ್‌ಪೋರ್ಟಿನ ಮುಖವಾಗಿಬಿಡುತ್ತಿತ್ತು. ಆದ್ದರಿಂದ ಒಂದು ಶನಿವಾರ, ಬ್ಯಾಂಕಿನಿಂದ ಮಧ್ಯಾಹ್ನವೇ ಮರಳಿದವಳು, ಫ್ಲಾಷನ್ನು ಪೆಟ್ಟಿಗೆಯಲ್ಲೇ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತೆ. ಒಳಗೆ ಅತ್ತೆಯೂ ಪಕ್ಕದ ಮನೆಯ ಶಾಂತಾ ವಹಿನಿಯೂ ಅಕ್ಕಿ ಆರಿಸುತ್ತಿದ್ದರು. ನಾವು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಆ ಮರಾಠಿ ಹೆಂಗಸು ತಾವು ಹೊಸದಾಗಿ ಕಲಿತ ಕನ್ನಡದಲ್ಲಿ, “ಆಜಿ, ಆಟ ಆಯ್ತಾ?” ಎಂದು ಕೇಳಿದರು.

“ಊಟ ಕಣಮ್ಮ, ಊಟ! ಈ ವಯಸ್ಸಲ್ಲಿ ನಂಗ್ಯಾವ ಆಟ!” ಎಂದು ಅತ್ತೆ ಬಾಯಿಬಿಟ್ಟು ನಕ್ಕರು. ನಾನು ಗುಂಡಿ ಒತ್ತಿದೆ.

ಭಾನುವಾರ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಫಿಲ್ಮ್ ತೊಳೆಯಲು ಕುಳಿತೆ. ಬೇಸಿಗೆಯಲ್ಲಿ ಮುಂಬಯಿಯ ನಲ್ಲಿ ನೀರೇ ಬೆಚ್ಚಗೆ. ದ್ರಾವಣ ಬೆಚ್ಚಗಾದಷ್ಟೂ ಕಾಳು ದಪ್ಪವಾಗುತ್ತದೆಂದು, ಪಾನಕಕ್ಕೆಂದು ಇಟ್ಟಿದ್ದ ಐಸನ್ನೆಲ್ಲ ದ್ರಾವಣದ ಡಬ್ಬಿ ಇಟ್ಟಿದ್ದ ಬಕೆಟ್ಟಿಗೆ ಸುರಿದೆ. ಆದರೂ ಪ್ರಿಂಟು ಮಾಡಿದಾಗ ನಗುವಿನ ತುಂಬ ರವೆ. ಸೋಲೊಪ್ಪದೆ, ಚಿತ್ರ ಹಿಗ್ಗಿಸುವ ಯಂತ್ರದ ಲೆನ್ಸಿನ ಕೆಳಗೆ ಹಳೆಯ ನೈಲಾನ್ ಸೀರೆಯ ತುಂಡೊಂದನ್ನು ಬಿಗಿದು ಇನ್ನೊಂದು ಪ್ರಿಂಟು ತೆಗೆದೆ. ಕಾಳು ಕರಗಿತು, ಜೊತೆಗೆ ಸುಕ್ಕುಗಳೂ, ಅರ್ಧ ನಗುವೂ ಕರಗಿದವು.

ಎರಡನ್ನೂ ಮುಂದಿಟ್ಟಾಗ ಅತ್ತೆ ನಯವಾದದ್ದನ್ನೇ ಎತ್ತಿಕೊಂಡರು. “ಇದಕ್ಕೆ ಕಟ್ಟು ಹಾಕ್ಸು. ನಾಳೆ ಹಾರ ಹಾಕೋಕೂ ಆಗುತ್ತೆ.” ಆಮೇಲೆ ರವೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದ್ರಲ್ಲಿ ನಾನು ಥೇಟ್ ಸರೋಜನ ಹಾಗೆ ನಗ್ತಿದೀನಿ.”

ಸರೋಜಮ್ಮ ಅವರ ತಂಗಿ. ಆಕೆಯ ಮಗಳ ಲಗ್ನಪತ್ರಿಕೆಯಲ್ಲಿ ನಮ್ಮ ಮಾವನವರ ಹೆಸರು ಬಿಟ್ಟುಹೋಗಿ ಏಳು ವರ್ಷವಾಗಿತ್ತು. ಅಂದಿನಿಂದ ಅಕ್ಕತಂಗಿಯರ ನಡುವೆ ಒಂದು ಕಾಗದವೂ ಓಡಾಡಿರಲಿಲ್ಲ, ಆ ಹೆಸರೂ ನಮ್ಮ ಮನೆಯಲ್ಲಿ ಕೇಳಿಬಂದಿರಲಿಲ್ಲ.

“ಕಳಿಸ್ಲಾ ಅತ್ತೆ?” ಎಂದೆ, ಅಳುಕುತ್ತಲೇ.

“ಏನೂ ಬರೀಬೇಡ. ಬರೀ ಫೋಟೋ ಕಳಿಸು.”

ನೋಡಿ, ಕಾಳನ್ನು ಅಡಗಿಸುವ ವಿದ್ಯೆಯನ್ನು ಅಷ್ಟು ಶ್ರದ್ಧೆಯಿಂದ ಕಲಿಯುತ್ತಿದ್ದ ನನಗೆ, ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ತಿಳಿದಿರಲಿಲ್ಲ. ಗೋಡೆಗೆ ಬೇಕಾದ ಮುಖವೇ ಬೇರೆ, ಒಡಹುಟ್ಟಿದವಳಿಗೆ ತೋರಿಸಬೇಕಾದ ಮುಖವೇ ಬೇರೆ ಎಂಬುದು ಕ್ಯಾಮೆರಾವನ್ನೇ ಮುಟ್ಟದ ಅತ್ತೆಗೆ ಗೊತ್ತಿತ್ತು.

ಎರಡು ವಾರದೊಳಗೆ ಇನ್‌ಲ್ಯಾಂಡ್ ಪತ್ರವೊಂದು ಬಂತು. ಕ್ಷೇಮಸಮಾಚಾರವಿಲ್ಲ, ಲಗ್ನಪತ್ರಿಕೆಯ ಸುದ್ದಿಯಿಲ್ಲ. ಅಷ್ಟಗಲದ ಹಾಳೆಯಲ್ಲಿ ಸರೋಜಮ್ಮ ಬರೆದದ್ದು ಇಷ್ಟೇ: “ಅಕ್ಕಾ, ಮುಂದಿನ ಹಲ್ಲು ಯಾವಾಗ ಬಿತ್ತು? ನಂಗೆ ಹೇಳ್ಲೇ ಇಲ್ವಲ್ಲ.”

ಅತ್ತೆ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ನನ್ನತ್ತ ಕೈಚಾಚಿದರು.

“ಪೆನ್ನು ಕೊಡೇ. ಹೋದ ದೀಪಾವಳೀಲಿ, ಚಕ್ಕುಲಿ ಕಡಿಯೋವಾಗ ಅಂತ ಬರೀಬೇಕು.”